ಭೀಮನಬೀಡಿಗೆ ಬಂದ ಹೊಸ ಅಮ್ಮನವರ ಕುರಿತು ಪರಿಭಾಷಾ ಸಮಿತಿಗೆ

ಮಾನ್ಯರೇ,

ಪಶುವೈದ್ಯ ಸಹಾಯಕರಿಗೆಂದು ‘ಮೂಲ ವೈದ್ಯಕೀಯ ಪರಿಭಾಷೆ’ ಎಂಬ ಕೈಪಿಡಿಯನ್ನು ರಚಿಸಿ, ಮೂಕಪ್ರಾಣಿಗಳ ಪರವಾಗಿ ಇಷ್ಟೊಂದು ಮಾತುಗಳನ್ನು ಹುಡುಕಿಕೊಟ್ಟಿರುವ ಸಮಿತಿಯ ಅಧ್ಯಕ್ಷರಿಗೂ ಸಮಸ್ತ ಸದಸ್ಯರಿಗೂ, ಗುಂಡ್ಲುಪೇಟೆ ತಾಲ್ಲೂಕು ಭೀಮನಬೀಡು ಸುತ್ತಿನ ಪಶುವೈದ್ಯ ಸಹಾಯಕಿಯಾದ ನಾಗಮಣಿ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವೆಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಒಂದು ವೇಳೆ ಇಲ್ಲದಿದ್ದರೆ ಏನಾಗಿದೆ ಎಂಬುದಾದರೂ ತಮಗೆ ಸರಿಯಾದ ಪದದಲ್ಲಿ ಗೊತ್ತಿರುತ್ತದೆ.

ಚಾಮರಾಜನಗರದಲ್ಲಿ ನಡೆದ ತರಬೇತಿಯಲ್ಲಿ ‘ಡರ್ಮ’ ಎಂದರೆ ಗ್ರೀಕರ ಭಾಷೆಯಲ್ಲಿ ಚರ್ಮ, ‘ಐಟಿಸ್’ ಎಂದರೆ ಉರಿಯೂತ, ಎರಡನ್ನೂ ಗಂಟು ಹಾಕಿದರೆ ‘ಡರ್ಮಟೈಟಿಸ್’ ಎಂದು ತಾವು ಕಲಿಸಿಕೊಟ್ಟಾಗ ನಾನು ನಿಜವಾಗಿಯೂ ಬೆರಗಾದೆ. ಅದುವರೆಗೆ ನಾನು ಕೆಚ್ಚಲು ಬಾವನ್ನು ಕೆಚ್ಚಲು ಬಾವು ಎಂದೇ ಕರೆಯುತ್ತಿದ್ದೆ, ನಮ್ಮ ಕಡೆಯ ಹಸುಗಳೂ ತಮಗೆ ಆಗಿರುವುದು ಮ್ಯಾಸ್ಟೈಟಿಸ್ ಎಂದು ತಿಳಿಯದೆಯೇ ಹುಷಾರಾಗಿಬಿಡುತ್ತಿದ್ದವು. ಇಂಥ ಅವ್ಯವಸ್ಥೆಗೆ ಕೊನೆ ಹಾಡಲೆಂದೇ ತಾವು ಕೈಪಿಡಿಯ ಆರಂಭದಲ್ಲಿ ದಪ್ಪ ಅಕ್ಷರಗಳಲ್ಲಿ ಒಂದು ಸೂಚನೆ ಅಚ್ಚು ಹಾಕಿಸಿದ್ದೀರಿ: ಮಾಲೀಕರು ಸ್ಥಳೀಯ ಪದ ಬಳಸಿದಲ್ಲಿ ಸಹಾಯಕರು ಮೊದಲು ಅದನ್ನು ತಿದ್ದಿ, ಆನಂತರವೇ ಚಿಕಿತ್ಸೆಗೆ ನೆರವಾಗತಕ್ಕದ್ದು. ಈ ಪತ್ರ ಆ ಸೂಚನೆಯ ಸಲುವಾಗಿ.

ಭೀಮನಬೀಡಿನ ಚಿಕ್ಕಮಾದಮ್ಮನವರು ಅರಿಸಿನದ ಹೊಲಗಳಲ್ಲಿ ಕೂಲಿ ಮಾಡುವ ಹೆಂಗಸು. ಅವರ ಮನೆಯಲ್ಲಿ ಕೆಂಪಿ ಎಂಬ ಹಸುವೂ ಅದರ ಹಾಲು ಕುಡಿಯುವ ಕರುವೂ ಇದ್ದವು. ಕೂಲಿ ಇಲ್ಲದ ದಿನ ಆ ಮನೆಯ ಒಲೆ ಉರಿಯುವುದು ಕೆಂಪಿ ಡೈರಿಗೆ ಕೊಡುವ ಹಾಲಿನಿಂದ. ಹೀಗಿರುವಾಗ ಎರಡಕ್ಕೂ ಜ್ವರ ಬಂದು ಮೈತುಂಬ ಗಂಟುಗಳೆದ್ದವು. ಮೈಮೇಲೆ ಏನೇ ಎದ್ದರೂ ಅಮ್ಮ ಬಂದಿದ್ದಾಳೆ ಎನ್ನುವುದು, ಕೊಟ್ಟಿಗೆಗೆ ಬೇವಿನ ಸೊಪ್ಪು ಕಟ್ಟುವುದು, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ ಅಮ್ಮನಿಗೆ ಮೊಸರನ್ನದ ತಂಪು ಇಡುವುದು ನಮ್ಮ ಕಡೆಯ ನಡಾವಳಿ. ಹೊರಗಿನವರು ಹತ್ತಿರ ಹೋಗುವಂತಿಲ್ಲ, ಬೇರೆ ದನವನ್ನು ಪಕ್ಕದಲ್ಲಿ ಕಟ್ಟುವಂತಿಲ್ಲ. ಇದಕ್ಕೆ ತಮ್ಮ ಪುಸ್ತಕದಲ್ಲಿ ಐಸೋಲೇಷನ್ ಎಂಬ ಪದವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಮ್ಮ ಇರುವ ಮೈಗೆ ಸೂಜಿ ಚುಚ್ಚುವಂತಿಲ್ಲ, ಏಕೆಂದರೆ ಚುಚ್ಚಿದರೆ ಅದು ಅಮ್ಮನಿಗೇ ಚುಚ್ಚಿದ ಹಾಗೆ.

ನಾನು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳಾದ್ದರಿಂದ, ತರಬೇತಿಗೆ ಮುಂಚಿನ ದಿನಗಳಾಗಿದ್ದರೆ ಬಾಗಿಲಲ್ಲೇ ಅಮ್ಮನಿಗೊಂದು ಕೈಮುಗಿದು, ‘ಅವ್ವ, ಅಮ್ಮ ಇರ್ಲಿ ಬುಡು, ಜ್ವರಕ್ಕೆ ಮಾತ್ರ ಒಂದು ಔಷ್ದಿ ಮಾಡ್ಸನ’ ಎಂದು ಮೆಲ್ಲಗೆ ಒಳಗೆ ನುಸುಳುತ್ತಿದ್ದೆ. ಆದರೆ ತಮ್ಮ ಸೂಚನೆ ತಲೆಯಲ್ಲಿದ್ದುದರಿಂದ, ಮೊದಲು ಪದ ತಿದ್ದಿದೆ. ಇದು ಅಮ್ಮ ಅಲ್ಲವೇ ಅಲ್ಲ, ನಾಡ್ಯುಲರ್ ಡರ್ಮಟೈಟಿಸ್ ಎಂದು ಸ್ಪಷ್ಟವಾದ ಉಚ್ಚಾರಣೆಯಲ್ಲಿ ತಿಳಿಸಿದೆ; ತಮ್ಮ ಪುಸ್ತಕದಲ್ಲಿ ಗಂಟಿಗೆ ‘ನಾಡ್ಯೂಲ್’ ಎಂದು ತಾನೆ ಇರುವುದು. ಮನೆಗೆ ಬಂದ ಅಮ್ಮನನ್ನು ಆಕೆಯ ಎದುರಿಗೇ ಅಲ್ಲ ಎಂದರೆ ಏನಾಗುತ್ತದೋ ಅದೇ ಆಯಿತು. ಚಿಕ್ಕಮಾದಮ್ಮನವರು ಕೆನ್ನೆ ಬಡಿದುಕೊಂಡು, ‘ಬಾಯ್ಮುಚ್ಚಮ್ಮಿ, ಕೇಳಿಸ್ಕಂಡಾಳು’ ಎಂದು ನನ್ನ ಮುಖಕ್ಕೆ ಬಾಗಿಲು ಹಾಕಿಕೊಂಡರು. ಮಾರನೆಯ ದಿನ ಹೋದೆ, ಅದರ ಮಾರನೆಯ ದಿನವೂ ಹೋದೆ, ಬಾಗಿಲು ತೆರೆಯಲಿಲ್ಲ. ಸರಿಯಾದ ಪದವಂತೂ ನನ್ನ ಬಾಯಲ್ಲಿ ಭದ್ರವಾಗಿತ್ತು.

ಕರು ಸತ್ತುಹೋಯಿತು.

ನಾನು ಮತ್ತೆ ಹೋದಾಗ ಚಿಕ್ಕಮಾದಮ್ಮನವರು ಜಗುಲಿಯ ಮೇಲೆ ಕುಳಿತಿದ್ದರು, ಬೈಯಲಿಲ್ಲ. ಅತ್ತು ಅತ್ತು ದನಿ ಕಟ್ಟಿತ್ತು. ‘ನಮ್ಮಮ್ಮ ಹಾಲು ಕುಡಿಯೋ ಕರ ತಕ್ಕೊಂಡು ಓಗೋಳಲ್ಲ ಕಣಮ್ಮಿ. ನೀ ಏನೋ ಅಂದ್ಯಲ್ಲ, ಅವಳೇ ಬಂದಿರಾದು. ಅದ್ಯಾವ ಅಮ್ಮ, ನಮ್ಮ ಸೀಮೆಯೋಳಾ, ಘಟ್ಟದ ಕೆಳಗಿನೋಳಾ?’ ಎಂದು ಕೇಳಿದರು. ಇದನ್ನೂ ತಿದ್ದಬೇಕೆಂದು ತಮ್ಮ ಪುಸ್ತಕ ಹೇಳುತ್ತದೆ. ನಾನು ತಿದ್ದಲಿಲ್ಲ. ಆ ಪದ ಗ್ರೀಕರದೆಂದು ತಾವೇ ಹೇಳಿಕೊಟ್ಟಿದ್ದರಿಂದ, ಬಲು ದೂರದಿಂದ ಬಂದವಳು ಎಂದೆ. ಹಾಗಾದರೆ ಆ ಅಮ್ಮನಿಗೆ ಏನು ಸಲ್ಲಿಸಬೇಕು ಎಂದು ಕೇಳಿದರು. ಸೂಜಿ ಎಂದೆ. ಅವರು ಒಬ್ಬೊಬ್ಬ ಅಮ್ಮನಿಗೆ ಒಂದೊಂದು ಇಷ್ಟ ಎಂದು ಹೇಳಿ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲು ತೆರೆದರು.

ಗುಂಡ್ಲುಪೇಟೆಯಿಂದ ಡಾಕ್ಟರ್ ಪ್ರದೀಪ್ ಬಂದು ಕೆಂಪಿಗೆ ಜ್ವರಕ್ಕೂ ಒಡೆದ ಗಂಟುಗಳ ಗಾಯಕ್ಕೂ ಚುಚ್ಚುಮದ್ದು ಕೊಟ್ಟರು. ಚಿಕ್ಕಮಾದಮ್ಮನವರು ಪ್ರತಿ ಸೂಜಿಗೂ ಕೈಮುಗಿದರು. ಈಗ ಕೆಂಪಿ ಮೆಲುಕು ಹಾಕುತ್ತಿದ್ದಾಳೆ. ಆದರೆ ಕರುವಿಲ್ಲದೆ ತೊರೆ ಬಿಟ್ಟು ಹಾಲಿಳಿಸುತ್ತಿಲ್ಲ, ಕರು ಕಟ್ಟುತ್ತಿದ್ದ ಗೂಟದ ಕಡೆಗೆ ಮುಖ ಮಾಡಿ ಕೂಗುತ್ತಾಳೆ.

ಇತ್ತ ತಮ್ಮ ಕೀರ್ತಿ ಊರ ತುಂಬ ಹಬ್ಬಿರುವುದನ್ನು ಸಂತೋಷದಿಂದ ತಿಳಿಸುತ್ತೇನೆ. ಊರಾಚೆಯ ಬೇವಿನ ಮರದ ಕೆಳಗೆ ಹೊಸ ಅಮ್ಮನಿಗಾಗಿ ಒಂದು ಕಲ್ಲು ನೆಟ್ಟು ಅರಿಸಿನ ಬಳಿದಿದ್ದಾರೆ. ಮಂಗಳವಾರದಂದು ದನಗಳನ್ನು ಅಲ್ಲಿಗೇ ಹೊಡೆದುಕೊಂಡು ಬಂದು, ಅಮ್ಮನಿಗೆ ಸಲ್ಲಬೇಕಾದದ್ದೆಂದು ಲಸಿಕೆ ಹಾಕಿಸಿಕೊಂಡು ಹೋಗುತ್ತಾರೆ. ಅಕ್ಕಪಕ್ಕದ ಊರಿನವರೂ ನಮ್ಮ ಕಡೆಗೆ ಇಂಥ ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳತೊಡಗಿದ್ದಾರೆ.

ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಆ ಅಮ್ಮನವರು ತಮ್ಮ ಪುಸ್ತಕದಲ್ಲೇ ಹುಟ್ಟಿದವರಾದ್ದರಿಂದ ಪೂಜೆಯ ಹಕ್ಕು ನ್ಯಾಯವಾಗಿ ಸಮಿತಿಗೆ ಸೇರಿದ್ದು. ಅಧ್ಯಕ್ಷರು ದಯವಿಟ್ಟು ಉಪವಾಸವಿದ್ದು ಬಂದು ಮೊದಲ ಪೂಜೆ ನಡೆಸಿಕೊಡಬೇಕು. ಅದು ಕಷ್ಟವಾದಲ್ಲಿ, ಊರಿನ ಹಳೆಯ ಅಮ್ಮನವರನ್ನೇ ಚಾಮರಾಜನಗರಕ್ಕೆ ಕರೆಸಿಕೊಂಡು ಮುಂದಿನ ತಂಡದ ಜೊತೆಗೆ ತರಬೇತಿ ಕೊಡಬೇಕು, ಆಕೆ ಇನ್ನು ಮುಂದೆ ಯಾವ ಕೊಟ್ಟಿಗೆಗೆ ಬಂದರೂ ತನ್ನ ಸರಿಯಾದ ಹೆಸರನ್ನು ತಾನೇ ಹೇಳುವಂತಾಗಬೇಕು. ಇವೆರಡೂ ಆಗದಿದ್ದರೆ, ಕೈಪಿಡಿಯ ಆರಂಭದ ಆ ಸೂಚನೆಯಲ್ಲಿರುವ ‘ಮೊದಲು’ ಮತ್ತು ‘ಆನಂತರ’ಗಳನ್ನು ಅದಲುಬದಲು ಮಾಡಿದರೂ ಸಾಕು. ಮೊದಲು ದನ, ಆನಂತರ ಪದ. ನಾನು ನಿಜವಾಗಿ ಕೇಳಲು ಬಂದದ್ದು ಇದೊಂದನ್ನೇ.

ಮಾತಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಲು ಸದಾ ಸಿದ್ಧಳಿರುವ,

ತಮ್ಮ ವಿಶ್ವಾಸಿ,
ನಾಗಮಣಿ
ಪಶುವೈದ್ಯ ಸಹಾಯಕಿ

ಮರೆತಿದ್ದ ಮಾತು: ಕರುವಿನ ವರದಿಯಲ್ಲಿ ನಾನು ‘ಸತ್ತಿತು’ ಎಂದು ಬರೆದದ್ದು ಪರಿಭಾಷೆಗೆ ಒಪ್ಪುವುದಿಲ್ಲವೆಂದು ತಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹಿಂದಿರುಗಿಸಿರುವುದು ತಲುಪಿತು. ಅದನ್ನು ‘ಮಾರ್ಟಾಲಿಟಿ’ ಎಂದು ತಿದ್ದಿದ್ದೇನೆ. ಕರು ಎದ್ದಿಲ್ಲ. ಕಾರಣ ಎಂಬಲ್ಲಿಯೂ ತಮ್ಮ ಪದವನ್ನೇ ಹಾಕಬೇಕೆಂದು ಪುಸ್ತಕವನ್ನೆಲ್ಲ ಹುಡುಕಿದೆ; ಸಹಾಯಕಿ ಬಾಗಿಲಲ್ಲಿ ನಿಂತು ಮಾತು ತಿದ್ದುತ್ತಿರುವಾಗ ಒಳಗೆ ಕರು ಸಾಯುವುದಕ್ಕೆ ಅದರಲ್ಲಿ ಹೆಸರಿಲ್ಲ. ತಾವು ಒಂದನ್ನು ಕಟ್ಟಿ ಕಳುಹಿಸುವವರೆಗೆ ಆ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.