ಎಡಗಡಿ ಸೀಟಿನ ಮಾಸ್ತರ ಬ್ರೇಕ್ ಪ್ಯಾಡು

ಮಂದಿಗೆ ಗಾಡಿ ಕಲಸವನ ಹಣೆಬರಹದಾಗ ಸುಮ್ಮ ಕುಂದ್ರೂದು ಬರದಿಲ್ರಿ. ದಿನಾ ಒಂದಿಲ್ಲೊಂದು ನಗೂ ಪ್ರಸಂಗ ತಾನ ಹುಡುಕ್ಕೊಂಡು ಬರತೈತಿ. ಸಿಂದಗ್ಯಾಗ ನಂದೊಂದು ಡ್ರೈವಿಂಗ್ ಸ್ಕೂಲ್ ಐತಿ. ಇಪ್ಪತ್ತೆರಡು ವರ್ಷದಿಂದ ನನ್ನ ಜಾಗಾ ಎಡಗಡಿ ಸೀಟು. ನಮ್ಮ ಗಾಡಿಗೆ ಎರಡು ಬ್ರೇಕ್. ಒಂದು ಕಲಿಯವ್ರ ಕಾಲಾಗ, ಇನ್ನೊಂದು ನನ್ನ ಕಾಲಾಗ. ಅವ್ರದು ನೋಡಾಕ, ನಂದು ಒತ್ತಾಕ.

೧. ಅಕ್ಕಾರು ಕೇಳಿದ್ದು

ಈಗ ಕಲಿಯಾಕ ಬರವ್ರಾಗ ಆಲಮೇಲದ ಸಾಲಿ ಕಲಸೂ ಅಕ್ಕಾರೊಬ್ರು ಅದಾರ. ರಿಟೈರ್ ಆಗಾಕ ಇನ್ನೆರಡ ವರ್ಷ. ಧೈರ್ಯ ಮಾತ್ರ ಭಾಳ. ಎದುರಿಗೆ ಎಮ್ಮಿ ಬಂದ್ರ ಎರಡೂ ಕೈ ಸ್ಟೇರಿಂಗ್ ಬಿಟ್ಟು, ಕಿಡಕಿಯಿಂದ ಮಾರಿ ಹೊರಗ ಹಾಕಿ ಎಮ್ಮಿಗೆ ಬೈತಾರ. ಬ್ರೇಕ್ ಒತ್ತೂದಿಲ್ಲ. "ಬ್ರೇಕ್ ಒತ್ರಿ ಅಕ್ಕಾರ!" ಅಂತ ನಾ ಒದರಬೇಕು. ಮೊದಮೊದಲು ಒದರಿ ನಾನ ಒತ್ತತಿದ್ನಿ. ಈಗೀಗ ಒದರಿದ ಕೂಡಲೇ ಅವ್ರು ಒತ್ತತಾರ. ಅಷ್ಟರ ಮಟ್ಟಿಗೆ ನನ್ನ ಕಲಿಸೂದು ಸಾರ್ಥಕ ಆಗೇತಿ.

ಒಂದಿನ ಹಿಂಗ ಎಮ್ಮಿ ಉಳಿಸಿ ಗಾಡಿ ನಿಲ್ಲಿಸಿದ ಮ್ಯಾಲ ಅಕ್ಕಾರು ನನ್ನ ಕಡೆ ಹೊಳ್ಳಿದ್ರು.

"ಸರ, ಸಿಟ್ಟಾಗಬ್ಯಾಡ್ರಿ. ನಿಮಗ ಗಾಡಿ ಓಡಸಾಕ ಬರತೈತೇನ್ರಿ?"

"ಏನ್ರೀ ಹಂಗಂದ್ರ?"

"ಅಲ್ರಿ, ಮೂರ ತಿಂಗಳಾತು, ನೀವು ಬಲಗಡಿ ಕುಂತದ್ದ ನಾ ನೋಡಿಲ್ಲ."

ನನಗ ಒಳಗ ಚುರ್ ಅಂತು. ಯಾಕಂದ್ರ ಖರೇ ಹೇಳಬೇಕಂದ್ರ, ನಾ ಗಾಡಿ ಜೋರಾಗಿ ಓಡಿಸೇ ಇಲ್ಲ. ನಮ್ಮ ಗಾಡ್ಯಾಗ ಐದನೇ ಗೇರ್ ಇನ್ನೂ ಹೊಸಾದ ಐತಿ.

ಅದ ವಾರ ಗೊತ್ತಾತು, ತಮಿಳುನಾಡಿನ್ಯಾಗ ಒಂದು ರೇಸಿನ ಟ್ರ್ಯಾಕ್ ಐತಿ, ನಮ್ಮಂಥ ಸಾದಾ ಮಂದೀನೂ ಸ್ವಂತ ಗಾಡಿ ಒಯ್ದು ಓಡಸಬಹುದು. ಅದಕ್ಕ ಟ್ರ್ಯಾಕ್ ಡೇ ಅಂತಾರ. ಮೊದಲ ಕೆಲವು ಸುತ್ತು ಅಲ್ಲಿಯ ಮಾಸ್ತರ ಬಾಜೂಕ ಕುಂದರತಾನ. ಅವನ ಮನಸ್ಸಿಗೆ ಬಂದ್ರ ಒಂದು ಸುತ್ತು ನಮ್ಮೊಬ್ಬರನ್ನ ಹೋಗಾಕ ಬಿಡತಾನ. ನನಗ ಆ ಒಂದು ಸುತ್ತು ಬೇಕಾಗಿತ್ತು. ಹೆಸರು ಹಚ್ಚಿ ಅಕ್ಕಾರಿಗೆ ಹೇಳಿದ್ನಿ, "ನಿಮ್ಮ ಪ್ರಶ್ನಿಗೆ ಉತ್ತರ ಬಂದ ಮ್ಯಾಲ ಕೊಡ್ತೇನ್ರಿ."

"ಹೋಗಿ ಬರ್ರಿ," ಅಂದ್ರು. "ಆದ್ರ ಅಲ್ಲಿ ನಿಮಗ ಒದರವ್ರು ಯಾರ್ರೀ?"

೨. ಇಂಡಿ ಊರ ಅಂಗಡ್ಯಾಗ

ಟ್ರ್ಯಾಕಿನವ್ರು ಫೋನಿನ್ಯಾಗ ಮೊದಲ ಹೇಳಿದ್ದು ಬ್ರೇಕ್ ಪ್ಯಾಡಿನ ಮಾತು, ಅಂದ್ರ ಬ್ರೇಕ್ ಒತ್ತಿದಾಗ ಗಾಲಿ ಡಿಸ್ಕ್ ಹಿಡದು ಗಾಡಿ ನಿಲ್ಲಸೂ ತುಂಡು. ಊರಾಗ ಓಡಾಡೂ ಪ್ಯಾಡ್ ಅಲ್ಲಿ ಕಾದು ಕೆಂಪಾಗಿ ಸೋಲ್ತಾವಂತ. ಇಂಡಿ ಊರಾಗ ನನ್ನ ಗುರ್ತಿನ ಸೌಕಾರ್ರದು ಸ್ಪೇರ್ ಪಾರ್ಟ್ ಅಂಗಡಿ ಐತಿ. ಅಲ್ಲಿಗೆ ಹೋದ್ನಿ.

"ಟ್ರ್ಯಾಕಿಗೆ ಬ್ರೇಕ್ ಪ್ಯಾಡ್ ಬೇಕಾಗಿತ್ರಿ ಸೌಕಾರ್ರ."

"ಟ್ರ್ಯಾಕ್ಟರಿಗಾ? ಯಾವ ಕಂಪನೀದು?"

"ಟ್ರ್ಯಾಕ್ಟರ್ ಅಲ್ರಿ, ಟ್ರ್ಯಾಕ್."

"ರೈಲು ಹೋಗೂ ಟ್ರ್ಯಾಕ್ ಮ್ಯಾಲ ನಿಮ್ಮ ಗಾಡಿ ಯಾಕ ಒಯ್ತೀರಿ ಮಾಸ್ತರ? ಮನ್ಯಾಗ ಏನರ ಜಗಳ ಆಗೇತೇನು?"

ಎಲ್ಲಾ ಬಿಡಿಸಿ ಹೇಳಿದ ಮ್ಯಾಲ ಕೌಂಟರ್ ಮ್ಯಾಲ ಮೂರು ಡಬ್ಬಿ ಇಟ್ರು. ಒಂದು ದಿನದ ಓಡಾಟದ್ದು. ಒಂದು ಪಕ್ಕಾ ರೇಸಿಂದು, ಅದು ಚೊಲೋ ಕಾದ ಮ್ಯಾಲ ಹಿಡಿತೈತಿ, ತಣ್ಣಗಿದ್ದಾಗ ಬರೇ ಚೀರತೈತಿ. ಮೂರನೇದ್ದು ಎರಡರ ನಡುವಿಂದು, ತಣ್ಣಗಿದ್ರೂ ಹಿಡಿತೈತಿ, ಸ್ವಲ್ಪ ಕಾದ್ರೂ ತಡಿತೈತಿ. "ನೀವು ಹೊಸಬರು, ನಡುವಿಂದು ಒಯ್ರಿ," ಅಂದ್ರು.

ಅಷ್ಟ ಸಾಕಾತು. ಅರ್ಧ ತಾಲೂಕಿಗೆ ಗಾಡಿ ಕಲಿಸಿದವಗ ಹೊಸಬ ಅಂತಾರ! ಸಿಟ್ಟಿಲೆ ರೇಸಿನ ಡಬ್ಬೀನ ಎತ್ತಿಕೊಂಡ್ನಿ. ಸೌಕಾರ್ರು ಹಿಂದಿನಿಂದ ಯಾರಿಗೋ ಹೇಳಾಕತ್ತಿದ್ರು, "ಈ ಮನಷ್ಯಾನ್ನ ನೋಡ್ರಿ, ರೇಸಿಗೆ ಹೊಂಟು ನಿಂದ್ರೂ ಸಾಮಾನ ಒಯ್ಯಾಕತ್ತಾನ."

೩. ಮಾವಾರ ಪ್ರೀತಿ

ರೇಸಿನ ಪ್ಯಾಡ್ ಹಾಕಿಸಿದ ಮರುದಿನ ಯಂಕಂಚಿಗೆ, ನನ್ನ ಹೇಣ್ತಿ ತವರಮನಿಗೆ ಹೋದೆವು. ದಾರೀಲೆ ಬ್ರೇಕ್ ಮುಟ್ಟಿದ್ರ ಸಾಕು, ಗಾಡಿ ಹಂಗ ಚೀರತೈತಿ! ಊರಾಗ ಹೊಕ್ಕ ಕೂಡಲೇ ಕೋಳಿ ಹಾರಿದ್ವು, ನಾಯಿ ಬೊಗಳಿದ್ವು. ಹೇಣ್ತಿ ನಾಚಿಕೊಂಡು ಮಾರಿಗೆ ಸೆರಗ ಹಾಕ್ಕೊಂಡ್ಲು. ನನ್ನ ಮಾವ ಬಾಗಲದಾಗ ನಿಂತಿದ್ರು, ಗಾಡಿ ಕಡೆ ನೋಡಿ ಬರೇ ಚುಚ್ ಚುಚ್ ಅಂದ್ರು.

ಮುಂಜಾನೆ ಎದ್ದು ಗಾಡಿ ಹೊರಗ ತಗದ್ನಿ. ಓಣ್ಯಾಗ ಇಳಕಲ ಐತಿ. ಬ್ರೇಕ್ ಒತ್ತಿದ್ನಿ. ಗಾಡಿ ನಿಂದ್ರಲಿಲ್ಲ. ಜೋರ ಒತ್ತಿದ್ನಿ. ಗಾಡಿ ಮೆತ್ತಗ ಜಾರಿಕೊಂಡ ಹೋಗಿ ಮಾವಾರ ತಿಪ್ಪ್ಯಾಗ ಮೂಗ ಇಟ್ಟ ನಿಂತ್ತು. ಪುಣ್ಯಾಕ ಎದುರಿಗೆ ಯಾರೂ ಇರಲಿಲ್ಲ.

ಮಾವ ಬಂದ್ರು. ಕೈಯಾಗ ಹಿತ್ತಾಳಿ ಗಿಂಡಿ.

"ಅಳಿಯಾರ, ನಿನ್ನೆ ಗಾಡಿ ಭಾಳ ಚೀರಾಕತ್ತಿತ್ತು. ಬಂಡಿ ಗಾಲಿ ಚೀರಿದ್ರ ಎಣ್ಣಿ ಬಿಡತೀವಲ್ಲ, ಅದಕ್ಕ ನಾಕೂ ಗಾಲಿಗೆ ಬಿಟ್ಟೇನಿ ನೋಡ್ರಿ. ಬಂಡಿ ಎಣ್ಣಿ ಹಾಕಾಕ ಮನಸ್ಸ ಬರಲಿಲ್ಲ. ಅಳಿಯಾರ ಗಾಡಿ ಅಂತ ಗಾಣದ ಕುಸುಬಿ ಎಣ್ಣಿ ಬಿಟ್ಟೇನಿ."

ಏನಂತ ಬೈಲಿ ಹೇಳ್ರಿ! ತಮ್ಮ ಊಟಕ್ಕ ತಗದಿಟ್ಟ ಎಣ್ಣಿ ಅದು. ಕಣ್ಣಾಗ ನೀರ ಬಂತು. ನಗೀಗೋ ಪ್ರೀತಿಗೋ ನನಗೂ ಗೊತ್ತಿಲ್ಲ.

"ಈಗ ಚೀರತೈತೇನು?" ಅಂತ ಕೇಳಿದ್ರು.

"ಇಲ್ರಿ ಮಾವಾರ," ಅಂದ್ನಿ. "ಚೀರೂದೂ ಇಲ್ಲ, ನಿಂದ್ರೂದೂ ಇಲ್ಲ."

೪. ಹೊರ್ತಿ ದಾರ್ಯಾಗ

ಎಣ್ಣಿ ಕುಡದ ಪ್ಯಾಡ್ ಮತ್ತ ಕೆಲಸಕ್ಕ ಬರೂದಿಲ್ಲ. ಮೆಕ್ಯಾನಿಕ್‌ನ್ನ ಕರಸಿ ಎಲ್ಲಾ ತೊಳಸಿ, ಹಳೇ ಪ್ಯಾಡ್ ಹಾಕಿಸಿ, ತಲಿ ಕೆಳಗ ಹಾಕ್ಕೊಂಡು ಇಂಡಿಗೆ ಹೋದ್ನಿ. ಸೌಕಾರ್ರು ನಡುವಿನ ಡಬ್ಬಿ ಮುಂದ ಸರಿಸಿದ್ರು. ಹಾಕಿಸಿದ ಮ್ಯಾಲ ಹೇಳಿದ್ರು, "ಹೊಸಾ ಪ್ಯಾಡ್ ಡಿಸ್ಕಿಗೆ ಹೊಂದಬೇಕು ಮಾಸ್ತರ. ಖಾಲಿ ರಸ್ತಾದಾಗ ಜೋರ ಹೋಗ್ರಿ, ನಿಧಾನ ಮಾಡ್ರಿ. ಹತ್ತ ಸಲ ಮಾಡ್ರಿ. ಆದ್ರ ಪೂರಾ ನಿಲ್ಲಸಬ್ಯಾಡ್ರಿ."

ಹೊರ್ತಿ ಕಡೆ ರಸ್ತಾ ಖಾಲಿ ಇತ್ತು. ಜೋರ ಹೋದ್ನಿ, ನಿಧಾನ ಮಾಡಿದ್ನಿ. ನಿಧಾನ ಮಾಡಿದ ಜಾಗಾದಾಗ ಬೇವಿನ ಗಿಡದ ಕೆಳಗ ಒಬ್ಬ ಅಜ್ಜ ಬಸ್ ಕಾಯಾಕತ್ತಿದ್ದ. ತನ್ನ ಸಲುವಾಗಿ ನಿಲ್ಲಿಸಾಕತ್ತಾನ ಅಂತ ಗಂಟು ಹೊತ್ತು ಓಡಿ ಬಂದ. ನಾ ನಿಲ್ಲಿಸೂಹಂಗಿಲ್ಲ. ಮತ್ತ ಜೋರ ಹೋದ್ನಿ. ಮುಂದ ಹೋಗಿ ಹೊಳ್ಳಿ ಬಂದ್ನಿ. ಮತ್ತ ಅದ ಗಿಡ, ಮತ್ತ ಬ್ರೇಕ್, ಮತ್ತ ಅಜ್ಜ ಗಂಟ ಹೊತ್ತ. ಕಿಡಕಿಯಿಂದ "ಪ್ಯಾಡ್ ಹೊಂದಸಾಕತ್ತೇನ್ರಿ ಅಜ್ಜಾರ!" ಅಂತ ಕೂಗಿದ್ನಿ. ಮೂರನೇ ಸಲಕ್ಕ ಅಜ್ಜ ಓಡಲಿಲ್ಲ. ರಸ್ತಾದ ನಡುವ ನಿಂತ, ಟವೆಲ್ ಬೀಸಿದ.

"ಏ ತಮ್ಮಾ! ಹತ್ತಿಸಿಕೊಳ್ಳೂದಿದ್ರ ಹತ್ತಿಸಿಕೋ, ಇಲ್ಲಂದ್ರ ಹೋಗು. ಹಿಂಗ ಆಸಿ ಯಾಕ ತೋರಸ್ತಿ?"

ಪೂರಾ ನಿಲ್ಲಿಸಿ ಹತ್ತಿಸಿಕೊಂಡ್ನಿ. ಉಳದ ಏಳ ಸಲ ಅಜ್ಜನ್ನ ಕೂಡ್ರಿಸಿಕೊಂಡ ಮಾಡಿದ್ನಿ. ಊರು ಬಂದ ಮ್ಯಾಲ ಇಳದು, ಗಂಟ ಸರಿ ಮಾಡಿಕೊಂಡು ಹೇಳಿದ, "ಭಾಳ ಉಪಕಾರ ಆತಪಾ. ಆದ್ರ ಲಗೂನ ಗಾಡಿ ಕಲಿ."

೫. ಟ್ರ್ಯಾಕ್ ಮ್ಯಾಲ

ಅಂತೂ ಆ ದಿನ ಬಂತು. ಟ್ರ್ಯಾಕಿನ ಮಾಸ್ತರ ಮೈಸೂರ ಕಡ್ಯಾವ, ಭಾಳ ಮೆದು ಮಾತು. ಎಡಗಡಿ ಸೀಟಿನ್ಯಾಗ ಕುಂತ, ಕಾಲ ಕೆಳಗ ನೋಡಿದ, ಮಾರಿ ಅರಳಿತು.

"ಸರ್, ಇಲ್ಲೊಂದು ಬ್ರೇಕ್ ಇದೆಯಲ್ಲಾ!"

"ಅದು ನಂದ್ರಿ," ಅಂದ್ನಿ.

ಮೂರು ಸುತ್ತು ಹಾಕಿದ್ನಿ. ಏನ ಹೇಳ್ಲಿ ಆ ಪ್ಯಾಡಿನ ಸುದ್ದಿ! ತಿರುವು ಬರತೈತಿ, ಇನ್ನ ಒತ್ತಬೇಕು ಅನ್ನೂದ್ರಾಗ ಗಾಡಿ ತಾನ ನಿಧಾನ ಆಗತೈತಿ. ಇಂಡಿ ಸೌಕಾರ್ರಿಗೆ ಮನಸ್ಸಿನ್ಯಾಗ ಕೈ ಮುಗದ್ನಿ. ನಿಲ್ಲಿಸಿದ ಮ್ಯಾಲ ಕೇಳಿದ್ನಿ, "ಹೆಂಗ ಅದಾವ್ರಿ ಪ್ಯಾಡ್?"

"ತುಂಬಾ ಚೆನ್ನಾಗಿವೆ ಸರ್," ಅಂದ ಬೆವರ ಒರಸಿಕೊಂತ. "ಮೂರು ರೌಂಡೂ ನಾನೇ ಒತ್ತಿದೆ."

ನನ್ನ ಮಾರಿ ಸಣ್ಣದಾತು. ಒಬ್ಬನ ಹೋಗೂ ಸುತ್ತು ಹೋತು ಅಂದುಕೊಂಡ್ನಿ. ಅವ ಪಾಪ, ನನ್ನ ನೋಡಿ ಕರಗಿದ. "ಇನ್ನೊಂದು ರೌಂಡ್ ಹೋಗೋಣ, ನಾನು ಕಾಲು ಮಡಚಿ ಕೂತ್ಕೋತೀನಿ," ಅಂದ. ಚಕ್ಕಲಮಕ್ಕಲ ಹಾಕ್ಕೊಂಡ ಕುಂತ. ನಾಕನೇ ಸುತ್ತು ಎಲ್ಲಾ ತಿರುವಿನ್ಯಾಗ ನಾನ ಬ್ರೇಕ್ ಒತ್ತಿದ್ನಿ, ಪ್ಯಾಡ್ ಖರೇನ ಚೊಲೋ ಹಿಡದ್ವು. ಅವ ಇಳದು ಬಾಗಲ ಹಾಕಿ, "ಹೋಗಿ ಬನ್ನಿ ಸರ್, ಒಬ್ರೇ," ಅಂದ.

ಇಪ್ಪತ್ತೆರಡು ವರ್ಷ ನಾ ಕುಂತ ಎಡಗಡಿ ಸೀಟು ಈಗ ಖಾಲಿ! ಉದ್ದ ರಸ್ತಾದಾಗ ಐದನೇ ಗೇರ್ ಹಾಕಿದ್ನಿ. ಖುಷಿಗೆ ಏನೇನೋ ಹಾಡಾಕತ್ತಿದ್ನಿ. ಎದುರಿಗೆ ತಿರುವು ಬಂತು. ಎಲ್ಲಿ ಬ್ರೇಕ್ ಒತ್ತಬೇಕು ಅನ್ನೂದು ನನಗ ಬರೋಬ್ಬರಿ ಗೊತ್ತಿತ್ತು. ಬರೋಬ್ಬರಿ ಅದ ಜಾಗಾದಾಗ, ಎದಿ ತುಂಬ ಉಸಿರ ತಗೊಂಡು ಒದರಿದ್ನಿ:

"ಬ್ರೇಕ್ ಒತ್ರಿ ಅಕ್ಕಾರ!"

ಒದರಿ, ಒತ್ತತಾರ ಅಂತ ಕಾಯಕೋಂತ ಕುಂತ್ನಿ.

ಗಾಡಿ ನೆಟ್ಟಗ ಹೋಗಿ ಉಸುಕಿನ್ಯಾಗ ಹೊಕ್ಕು ನಿಂತ್ತು. ಮೈಸೂರ ಮಾಸ್ತರ ಓಡಕೋಂತ ಬಂದ. "ಏನಾಯ್ತು ಸರ್? ಬ್ರೇಕ್ ಹಿಡೀಲಿಲ್ವಾ?"

"ಬ್ರೇಕ್ ಚೊಲೋ ಐತ್ರಿ," ಅಂದ್ನಿ. "ಅಕ್ಕಾರು ಒತ್ತಲಿಲ್ಲ."

ಅವ ಗಾಡಿ ಒಳಗೆಲ್ಲಾ ಹಣಿಕಿ ಹಾಕಿ ಅಕ್ಕಾರನ್ನ ಹುಡುಕಿದ. ಉಸುಕಿನಿಂದ ಜಗ್ಗಿಸಿಕೊಂಡು, ಉಳದ ಅರ್ಧ ಸುತ್ತು ಬಾಯಿ ಮುಚ್ಚಿಕೊಂಡು ನಾನ ಒತ್ತಿ ಮುಗಿಸಿದ್ನಿ.

ಸಿಂದಗಿಗೆ ಬಂದು ಅಕ್ಕಾರಿಗೆ ಒಂದೂ ಮುಚ್ಚಿಡದ ಹೇಳಿದ್ನಿ. ಅವ್ರು ಕನ್ನಡಕ ತಗದು ಕಣ್ಣ ಒರಸಿಕೊಂಡು ನಕ್ಕರು. ಆಮ್ಯಾಲ ಬೆಲ್ಟ್ ಹಾಕ್ಕೊಂಡು ಗಾಡಿ ಚಾಲೂ ಮಾಡಿದ್ರು.

"ನಿಮಗ ಗಾಡಿ ಬರತೈತ್ರಿ ಸರ," ಅಂದ್ರು. "ನಾ ಓಡಿಸಿದ್ರ."