ಕಾಕಾನ ಕರಡಿ ಮತ್ತು ಒಂದು ಚಿಟಿಕೆ ಉಪ್ಪು

ನಮ್ಮ ದೇಶದ ವಿದೇಶಾಂಗ ನೀತಿ ದಿಲ್ಲಿಯಲ್ಲಿ ತಯಾರಾಗುತ್ತದೆ ಎಂದು ನೀವು ನಂಬಿದ್ದರೆ, ನಿಮಗೆ ನಮ್ಮ ಕಾಕಾನ ಪರಿಚಯವಿಲ್ಲ ಎಂದಾಯಿತು. ಅದು ತಯಾರಾಗುವುದು ಸುರೇಬಾನದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ! ಕಾಕಾ ಎಂದರೆ ನನ್ನ ತಂದೆಯ ತಮ್ಮ. ಸೋವಿಯತ್ ದೇಶ ಇನ್ನೂ ಒಡೆಯದೆ ಇದ್ದ ಕಾಲದಲ್ಲಿ, ಸರಕಾರ ಕಳಿಸಿದ ಸಾಂಸ್ಕೃತಿಕ ತಂಡದೊಂದಿಗೆ ಅಲ್ಲಿಗೆ ಹೋಗಿ ಕರಡಿ ಬಾರಿಸಿ ಬಂದವರು.

ಕರಡಿ ಎಂದರೆ ಚರ್ಮವಾದ್ಯ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಪುಸ್ತಕ ಓದಿ ಕನ್ನಡ ಕಲಿತಿದ್ದ ಮಾಸ್ಕೋದ ದುಭಾಷಿಗೆ ಯಾರೂ ಹೇಳಿರಲಿಲ್ಲ. ಭಾರತದಿಂದ ಕರಡಿ ಬಂದಿದೆ ಎಂದು ಆತ ವೇದಿಕೆಯ ಮೇಲೆ ಸಾರಿಬಿಟ್ಟ. ಜನ ಎದ್ದು ನಿಂತು ಪರದೆಯತ್ತ ನೋಡಿದರು. ಹೊರಬಂದದ್ದು ರುಮಾಲು ಸುತ್ತಿದ ನಮ್ಮ ಕಾಕಾ.

"ಅವರಿಗೇನೂ ಫರಕ್ ಕಂಡಿರಾಕಿಲ್ಲ ಬಿಡು," ಎನ್ನುತ್ತಾರೆ ಕಾಕಿ.

ಅಂದಿನಿಂದ ಕಾಕಾನದು ಒಂದೇ ನಂಬಿಕೆ. ಆ ದೇಶ ನಮಗೆ ಮಾಡುವ ಉಪಕಾರವೆಲ್ಲ ಅವರು ಬಾರಿಸಿದ ಕರಡಿಯ ಫಲ! ಈಚೆಗೆ ಅಲ್ಲಿಂದ ಅಗ್ಗದ ಕಚ್ಚಾ ಎಣ್ಣೆ ಬರತೊಡಗಿದಾಗ ಚಹಾದಂಗಡಿಯಲ್ಲಿ ಎದೆಯುಬ್ಬಿಸಿ ಹೇಳಿದರು: "ಸುಮ್ಮ ಕೊಡತಾರೇನು? ಹಳೇ ಬಳಕಿ ಐತಿ."

"ಇನ್ನೊಮ್ಮಿ ಹೋಗಿ ಬಾರಿಸಿ ಬರ್ರಿ ಕಾಕಾ, ನಮ್ಮ ಪಂಪಿನ್ಯಾಗೂ ರೇಟ್ ಇಳೀಲಿ," ಎಂದ ಚಹಾದವನು.

ಕಾಕಾ ನಗಲಿಲ್ಲ. ಇಂಥ ಮಾತನ್ನೆಲ್ಲ ರಾಯಭಾರಿಗಳು ಕಿವಿಗೆ ಹಾಕಿಕೊಳ್ಳುತ್ತಾರೆಯೇ?

ಮನೆಯಲ್ಲೂ ಅವರದು ಸರಕಾರದ್ದೇ ನೀತಿ. ಕಾಕಿಗೂ ಸೊಸೆಗೂ ಜಟಾಪಟಿ ನಡೆದರೆ "ನಾ ಅಲಿಪ್ತ" ಎಂದು ಹೊರಗೆ ಕಟ್ಟೆಗೆ ಬಂದು ಕೂರುತ್ತಾರೆ. ಇಬ್ಬರೂ ಊಟಕ್ಕೆ ಕರೆಯದಿದ್ದಾಗ ಅಲಿಪ್ತ ನೀತಿಯ ಕಷ್ಟ ಗೊತ್ತಾಗುತ್ತದೆ.

ಹೀಗಿದ್ದವರು ರಷ್ಯಾಕ್ಕೂ ಉಕ್ರೇನಿಗೂ ಹತ್ತಿದ ಯುದ್ಧ ಮುಗಿಯದೆ ಎಳೆಯುತ್ತ ಹೋದಂತೆ ಇಳಿದುಹೋದರು. ಅವರು ಮಾಸ್ಕೋದಲ್ಲೂ ಬಾರಿಸಿದ್ದರು, ಈಗ ಉಕ್ರೇನಿನ ರಾಜಧಾನಿಯಾದ ಕೀವ್‌ನಲ್ಲೂ ಬಾರಿಸಿದ್ದರು. ನಮ್ಮ ದೇಶ ವಿಶ್ವಸಂಸ್ಥೆಯಲ್ಲಿ ಯಾರ ಕಡೆಗೂ ಮತ ಹಾಕದೆ ಕುಳಿತಾಗ, "ಎರಡೂ ಮನ್ಯಾಗ ಉಂಡಾವ್ರು ಯಾವ ಮುಖ ಇಟಗೊಂಡು ಕೈ ಎತ್ತೋದು?" ಎಂದು ಮೊದಮೊದಲು ವಿವರಿಸುತ್ತಿದ್ದರು. ವರ್ಷಗಳು ಕಳೆದವು. ಟಿವಿಯಲ್ಲಿ ಮನೆಗಳು ಉರಿಯುವುದು ನಿಲ್ಲಲೇ ಇಲ್ಲ. ಕಾಕಾ ಮೊದಲು ಚಹಾದಂಗಡಿ ಬಿಟ್ಟರು, ಆಮೇಲೆ ಉಪ್ಪು ಬಿಟ್ಟರು.

"ಬಿಪಿ ಇಲ್ಲ, ಏನಿಲ್ಲ. ಸಪ್ಪನ ಬ್ಯಾಳಿ ಉಂಡು ಸೊರಗಾಕ ಹತ್ಯಾರ. ನೀನರ ಬಂದು ಕೇಳು," ಎಂದು ಕಾಕಿ ಫೋನ್ ಮಾಡಿದಾಗ ನಾನು ರಾಮದುರ್ಗದಲ್ಲಿ ಬಸ್ಸು ಹತ್ತಿದೆ.

ಉಪ್ಪು ಬಿಟ್ಟದ್ದೇಕೆಂದು ಪಕ್ಕದಲ್ಲಿ ಕೂತು ಕೇಳಿದಾಗ ಕಾಕಾ ಬಾಯಿಬಿಟ್ಟರು. "ಕೀವ್‌ದಾಗ ಒಬ್ಬಾಕಿ ಮುದುಕಿ ರೊಟ್ಟಿ, ಉಪ್ಪು ಹಿಡಕೊಂಡು ಬಂದ್ಲು. ಬಂದಾವ್ರಿಗೆ ಕೊಡೂದು ಅವರ ಪದ್ಧತಿ ಅಂತ. ನನಗೇನು ಗೊತ್ತು? ಗಡಿಬಿಡ್ಯಾಗ ಒಂದು ಚಿಟಿಗಿ ಉಪ್ಪು ತಗೊಂಡು, ನಮ್ಮ ಜೋಡಿ ಬಂದಿದ್ದ ಮಾಸ್ಕೋದ ದುಭಾಷಿ ಕೈಯಾಗ ಕೊಟ್ಟುಬಿಟ್ಟೆ. ಆಕಿ ಉಪ್ಪು, ಅವನ ಕೈ, ನಡುವ ನಾ."

ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳವಾಗುತ್ತದೆ ಎಂದು. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಷ್ಟೆಲ್ಲ ಓದಿದ ನಾನೂ ಹಾಗೇ ಮಾಡುತ್ತೇನೆ.

"ಕಾಕಾ, ಚಿಟಿಗಿ ಉಪ್ಪಿನಿಂದ ಯುದ್ಧ ಆಗತೈತೇನ್ರಿ?"

"ಕರಡಿಯಿಂದ ಗೆಳೆತನ ಆಗತೈತಿ ಅಂದಮ್ಯಾಲೆ, ಉಪ್ಪಿನಿಂದ ಜಗಳ ಯಾಕ ಆಗಬಾರ್ದು?"

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು. ಉಪ್ಪಿನ ಅಂಜಿಕೆ ಕಳೆಯಲು ಕರಡಿಯ ಹೆಮ್ಮೆಯನ್ನೂ ಕಳೆಯುವುದೊಂದೇ ದಾರಿ, ಅದನ್ನು ಹಿಡಿಯಲು ಮನಸ್ಸು ಒಪ್ಪಲಿಲ್ಲ. ಆದರೂ ಆ ಸೊರಗಿದ ಮುಖ ನೋಡಿ ಹೇಳಿದೆ: "ಅವರು ಎಣ್ಣಿ ಮಾರೋದು ಅವರ ಲಾಭಕ್ಕ ಕಾಕಾ. ನಿಮ್ಮ ಕರಡಿ ಅಲ್ಲಿ ಯಾರಿಗೂ ನೆನಪಿಲ್ಲ. ಅದರಿಂದ ಏನೂ ಆಗಿಲ್ಲ. ಉಪ್ಪಿನಿಂದಾನೂ ಏನೂ ಆಗಿಲ್ಲ. ಉಣ್ಣರಿ."

ಅವರಿಗೆ ಹೊಡೆದಂತಾಯಿತು ಎಂಬುದು ನನಗೆ ಕಂಡಿತು.

"ಆ ಮುದುಕಿ ಕುಣಿದಿದ್ಲೋ," ಎಂದರು ಕಾಕಾ ಮೆಲ್ಲಗೆ. "ನಾ ಬಾರಿಸಿದಾಗ ಆ ಮಾಸ್ಕೋದಾಂವನ ಕೈ ಹಿಡಕೊಂಡು ಕುಣಿದಿದ್ಲು. ಅದರಿಂದ ಏನೂ ಆಗಿಲ್ಲ ಅನ್ನಬ್ಯಾಡ. ಉಪ್ಪಿನ ತಪ್ಪೂ ನಂದ ಇರಲಿ ಬಿಡು."

ಕಾಕಿ ಎರಡು ತಾಟು ತಂದಿಟ್ಟರು. ನನ್ನ ಬೇಳೆಗೆ ಉಪ್ಪು ಬಿದ್ದಿತ್ತು. ನಾನು ಅದನ್ನು ಸರಿಸಿ ಕಾಕಾನ ತಾಟಿನಲ್ಲಿ ಕೈ ಹಾಕಿದೆ.

"ಸಪ್ಪನ ಐತ್ಯೋ ಅದು," ಎಂದರು.

"ಇರ್ಲಿ ಕಾಕಾ," ಎಂದೆ. ಅವರು ಹೊತ್ತುಕೊಂಡಿದ್ದ ಯುದ್ಧವನ್ನು ಇಳಿಸುವುದು ನನ್ನಿಂದಾಗಲಿಲ್ಲ. ಜೊತೆಗೆ ಕೂತು ಉಂಡೆ.