ಮಮದಾಪುರದ ಕೆರೆಯಲ್ಲಿ ನೀರು ಕುಡಿದ ಕುದುರೆ

ಯುದ್ಧ ನಡೆಯುತ್ತಿದೆ, ಪೇಟೆಯಲ್ಲಿ ಸಾಮಾನು ಸಿಗುತ್ತಿಲ್ಲ. ಯಾರು ಏನನ್ನು ಬಚ್ಚಿಟ್ಟಿದ್ದಾರೆ ಎಂಬುದು ವಿಜಾಪುರದ ಬಜಾರಿನಲ್ಲಿ ಎಲ್ಲರಿಗೂ ಗೊತ್ತು. ಒಬ್ಬರ ನೆಲದಡಿಯ ಹಗೇವಿನಲ್ಲಿ ಜೋಳ, ಇನ್ನೊಬ್ಬರ ಅಟ್ಟದ ಮೇಲೆ ಚಿಮಣಿ ಎಣ್ಣೆ, ಮತ್ತೊಬ್ಬರ ದೇವರ ಮನೆಯಲ್ಲಿ ದೇವರ ಬೆನ್ನ ಹಿಂದೆ ಸಕ್ಕರೆ. ಕಿರಾಣಿ ವ್ಯಾಪಾರಿಯಾದ ನಾನು ಬಚ್ಚಿಟ್ಟಿರುವುದು ಮಾತ್ರ ಕುದುರೆಗಳನ್ನು. (ಜೀವಂತ ಕುದುರೆಗಳಲ್ಲ; ಹುರುಳಿಯ ಧಾರಣೆ ನನಗೆ ಗೊತ್ತಿದೆ.) ಮಕ್ಕಳಿಗಾಗಿ ಬರೆದ ಕುದುರೆ ಕಥೆಗಳ ಹಳೆಯ ಪುಸ್ತಕಗಳು, ಒಂದು ಕಬ್ಬಿಣದ ಟ್ರಂಕಿನ ತುಂಬ.

ನನ್ನ ಧರ್ಮಪತ್ನಿ ರೇಣುಕವ್ವನಿಗೆ ಆ ಟ್ರಂಕೆಂದರೆ ಸವತಿ.

"ಮೀಸಿ ಬೆಳ್ಳಗಾದ್ವು, ಇನ್ನೂ ಕುದುರಿ ಕತಿ ಓದ್ತೀರಿ. ಮಂದಿ ಏನಂದಾರು?"

"ರದ್ದಿ ಖರೀದಿ ಅಂತಾರ. ಅಂಗಡ್ಯಾಗ ಪುಡಿಕಿ ಕಟ್ಟಾಕ ಕಾಗದ ಬೇಕಲ್ಲ?"

"ಹಂಗಾರ ಆ ಟ್ರಂಕಿನಾಗಿಂದು ಒಂದ ಹಾಳಿ ಹರದು ನಂಗ ಜೀರಿಗಿ ಕಟ್ಟಿ ಕೊಡ್ರಿ, ನೋಡೋಣು."

ನಾನು ಕೆಮ್ಮಿದೆ. ಉತ್ತರವಿಲ್ಲದಾಗ ಕೆಮ್ಮುವುದು ನಮ್ಮ ಬಜಾರಿನ ಪದ್ಧತಿ. ಗಿರಾಕಿಗಳ ಮುಂದೆ ನಡೆಯುತ್ತದೆ, ಮನೆಯಲ್ಲಿ ನಡೆಯುವುದಿಲ್ಲ.

ನಿಜ ಸಂಗತಿ ಬೇರೆ ಇದೆ. ನಾನು ಹುಟ್ಟಿದ್ದು ಟಿಕೋಟಾದಲ್ಲಿ. ಅವ್ವ ಹೊಲದಿಂದ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಲ್ಲಿಯವರೆಗೆ ನನ್ನನ್ನು ಸಂಭಾಳಿಸುವ ಹೊಣೆ ಅಕ್ಕ ಗೌರಾಬಾಯಿಯದು. ಅಪ್ಪ ಸೊಲ್ಲಾಪುರದ ಪೇಟೆಯಿಂದ ತಂದ ಒಂದು ಚಿತ್ರದ ಪುಸ್ತಕ ಮನೆಯಲ್ಲಿತ್ತು. ಅಕ್ಕ ಕಟ್ಟೆಯ ಮೇಲೆ ಕೂತು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲು ಚಿತ್ರದ ಕುದುರೆಯ ಹಣೆಗೆ ಕುಂಕುಮದ ಬೊಟ್ಟಿಡುವಳು. ಆಮೇಲೆ ಸಾಲಿನ ಮೇಲೆ ಬೆರಳಾಡಿಸುತ್ತ ಓದುವಳು.

ಸಂತೆಯಲ್ಲಿ ಮಾರಾಟವಾದ ಒಂದು ಬಿಳಿ ಕುದುರೆ ಹಗ್ಗ ಹರಿದುಕೊಂಡು ತನ್ನ ಮನೆ ಹುಡುಕಲು ಹೊರಡುತ್ತದೆ. ಜೈನಾಪುರದ ಹೊಲದಲ್ಲಿ ಕಡಲೆ ಮೇಯುತ್ತದೆ. ಮಮದಾಪುರದ ಕೆರೆಯಲ್ಲಿ ನೀರು ಕುಡಿಯುತ್ತದೆ. ಎದುರಿಗೆ ಬಂದವರನ್ನೆಲ್ಲ "ಯಪ್ಪಾ, ನಮ್ಮನಿ ದಾರಿ ಯಾವುದು?" ಎಂದು ಕೇಳುತ್ತದೆ. ಕೊನೆಗೊಂದು ಸಂಜೆ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತು ಗೊರಸಿನಿಂದ ಹೊಸ್ತಿಲು ತಟ್ಟುತ್ತದೆ.

ಅಷ್ಟೊತ್ತಿಗೆ ನನಗೆ ನಿದ್ದೆ. ದಿನಾ ಅಲ್ಲಿಗೇ ನಿದ್ದೆ. ಬಾಗಿಲು ತೆರೆಯಿತೋ ಇಲ್ಲವೋ, ತೆರೆದವರು ಯಾರು, ಗುರುತು ಹಿಡಿದರೋ ಬಿಟ್ಟರೋ, ನಾನು ಕೇಳಲೇ ಇಲ್ಲ. ನಾಳೆ ಕೇಳಿದರಾಯಿತು ಎನ್ನುತ್ತಿರುವಾಗ ಅಕ್ಕನ ಲಗ್ನವಾಯಿತು. ಬಬಲೇಶ್ವರಕ್ಕೆ ಹೋಗುವ ಬಂಡಿಯಲ್ಲಿ ಅವಳು ಅಳುತ್ತ ಕೂತಿದ್ದಳು. ನಾನು ಬಂಡಿಯ ಹಿಂದೆ ಓಡುತ್ತ ಕೇಳಬೇಕೆಂದಿದ್ದೆ, ಕೇಳಲಾಗಲಿಲ್ಲ. ಪುಸ್ತಕವೂ ಎಲ್ಲೋ ಕಳೆದುಹೋಯಿತು.

ಮುರಿದು ಬಾಯಿಗೆ ಹಾಕಿಕೊಳ್ಳದೆ ಒಂದು ಪೆಂಟೆ ಬೆಲ್ಲವನ್ನೂ ಕೊಳ್ಳದವನು ನಾನು. ಆದರೆ ಆ ಬಾಗಿಲು ಮಾತ್ರ ಇಷ್ಟು ವರ್ಷ ನನ್ನ ಎದೆಯೊಳಗೆ ಮುಚ್ಚಿಕೊಂಡೇ ಇದೆ. ಒಮ್ಮೆ ಬೀಗರ ಮದುವೆಯಲ್ಲಿ, ಮಂದಿಯ ನಡುವೆ, ಅಕ್ಕನ ಕಿವಿಯಲ್ಲಿ ಕೇಳಿಯೂ ಬಿಟ್ಟೆ.

"ಗೌರಕ್ಕಾ, ಆ ಕುದುರಿ ಮನಿ ಮುಟ್ಟಿತೇನು?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಪುಸ್ತಕ ತೊಗೊಂಡು ಬಾ, ಓದಿ ಹೇಳ್ತೇನಿ. ಪುಸ್ತಕ ಇಲ್ದ ಹೆಂಗ ಹೇಳ್ಲೋ ತಮ್ಮಾ?"

ಅಂದಿನಿಂದ ಶುರುವಾಯಿತು ನನ್ನ ಕುದುರೆ ವ್ಯಾಪಾರ.

ನನಗೆ ಕುದುರೆ ಒದಗಿಸುವವನು ರದ್ದಿ ಅಂಗಡಿಯ ಮಲಂಗಸಾಬ. "ಬರ್ರಿ ಸಾವಕಾರ್ರ, ಇವತ್ತ ಅರಬ್ಬಿ ತಳಿ ಬಂದೈತಿ" ಎಂದು ಗುಟ್ಟಾಗಿ ಕರೆಯುತ್ತಾನೆ. ಹಾಗೆ ಬಂದ ಕುದುರೆಗಳಲ್ಲಿ ಒಂದು ಸುಳ್ಳು ಹೇಳಿ ಬಾಲ ಕಳೆದುಕೊಂಡಿತ್ತು. ಒಂದು ಕುದುರೆ ಬೆಳಿಗ್ಗೆ ಬೇಗ ಎದ್ದು ಮಕ್ಕಳಿಗೆ ನೀತಿ ಹೇಳುತ್ತಿತ್ತು. (ಅದರ ಮಾಲೀಕನ ಮೇಲೆ ನನಗೆ ಕನಿಕರ ಹುಟ್ಟಿತು.) ಇನ್ನೊಂದು ರಾಜನನ್ನು ಉಳಿಸಿ ತಾನು ಸತ್ತಿತು, ಅದನ್ನು ಓದಿ ನಾನು ಮೆಣಸಿನಕಾಯಿ ಚೀಲದ ನೆಪ ಹೇಳಿ ಕಣ್ಣೊರೆಸಿಕೊಂಡೆ. ಆದರೆ ಮಮದಾಪುರದ ಕೆರೆಯ ನೀರು ಕುಡಿದದ್ದು ಅವುಗಳಲ್ಲಿ ಯಾವುದೂ ಅಲ್ಲ.

"ಆ ಪುಸ್ತಕದ ಗುಡ್ಡಿನೂ ಒಮ್ಮಿ ನೋಡ್ರಿ" ಎನ್ನುವನು ಮಲಂಗಸಾಬ.

"ಅದು ಮರಾಠಿ. ನಂಗ ಬೇಕಾಗಿದ್ದು ಕನ್ನಡ ಕುದುರಿ."

"ಕುದುರಿಗಿ ಯಾವ ಭಾಷಾ ಸಾವಕಾರ್ರ?"

ಸರಕಿನ ವಿಷಯದಲ್ಲಿ ನನಗೆ ಬುದ್ಧಿ ಹೇಳಬೇಡ ಎಂಬಂತೆ ನಾನು ಅವನನ್ನು ನೋಡಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಅಂಗಳದಲ್ಲಿ ರೇಣುಕವ್ವ ಸೀರೆ ಸಿಕ್ಕಿಸಿಕೊಂಡು ಕೂತಿದ್ದಾಳೆ. ಮುಂದೆ ನೀರಿನ ಬಾನಿ, ಅದರ ತುಂಬ ನೆನೆದ ಕಾಗದ. ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯ ಬೆರೆಸಿ, ಒರಳಲ್ಲಿ ನುಣ್ಣಗೆ ರುಬ್ಬಿ, ಬಿದಿರಿನ ಬುಟ್ಟಿಗೆ ಮೆತ್ತಿ ಒಣಗಿಸಿದರೆ ರೊಟ್ಟಿಗೆ ಗಟ್ಟಿ ಬುಟ್ಟಿಯಾಗುತ್ತದೆ. ನಮ್ಮ ಕಡೆ ಯಾವ ಮನೆಯಲ್ಲಾದರೂ ನೋಡಬಹುದು. ಅವಳ ಪಕ್ಕದ ರದ್ದಿಯ ಮೇಲೆ, ಬಿಸಿಲಿಗೆ ಮುಖ ಮಾಡಿ, ಒಂದು ಪುಸ್ತಕದ ಚಿತ್ರದಲ್ಲಿ ಬಿಳಿ ಕುದುರೆ ಬಾವಿಯ ಹತ್ತಿರ ನಿಂತಿತ್ತು.

ಜೋಲುಗಿವಿ, ಕೊರಳಿಗೆ ಹರಿದ ಹಗ್ಗ. ಅಕ್ಕ ಬೊಟ್ಟಿಡುತ್ತಿದ್ದ ಅದೇ ಕುದುರೆ!

"ಕೈ ತೆಗಿ! ಕೈ ತೆಗಿ!" ಎಂದು ಒದರಿದೆ. ಹಾವು ಬಂತೆಂದು ತಿಳಿದು ಅವಳು ಒರಳು ಕಲ್ಲಿನ ಮೇಲೇರಿದಳು.

"ಈ ಪುಸ್ತಕ ಎಲ್ಲಿಂದ ಬಂತು?"

"ಮಲಂಗಸಾಬನ ಅಂಗಡ್ಯಾಗಿಂದ ತರಿಸೀನಿ. ಕನ್ನಡ ರದ್ದಿ ಮುಟ್ಟಿದ್ರ ಬಾಯಿ ಮಾಡ್ತೀರಂತ ಬೇಕಂತ ಮರಾಠಿ ತರಿಸೀನಿ. ಈಗ ಅದಕ್ಕೂ ಬಾಯಿ ಮಾಡಾಕತ್ತೀರಲ್ಲ!"

"ಪುಸ್ತಕದ ಕಡೀ ಹಾಳಿ ಎಲ್ಲಿ?"

ಅವಳು ಬಾನಿಯತ್ತ ತೋರಿಸಿದಳು.

ಅಂಗಿಯ ತೋಳು ಮಡಿಸಲೂ ಇಲ್ಲ. ಮೊಣಕೈವರೆಗೆ ಕೈ ಹಾಕಿದೆ. ಸಿಕ್ಕ ತುಣುಕುಗಳನ್ನೆಲ್ಲ ಹಪ್ಪಳದಂತೆ ಮಾಳಿಗೆಯ ಮೇಲೆ ಹರವಿ ಕಾದೆ. ಒಂದರಲ್ಲಿ ಗೊರಸು ಕಂಡಂತಾಯಿತು. ಇನ್ನೊಂದರಲ್ಲಿ ಬಾಗಿಲ ಚಿಲಕ ಕಂಡಂತಾಯಿತು. ಉಗುರಿನಿಂದ ಕೆರೆದರೆ ಮೆಂತ್ಯದ ಸಿಪ್ಪೆ. ಸಂಜೆಗೆ ಆಸೆ ಬಿಟ್ಟು, ಎಲ್ಲವನ್ನೂ ತಿರುಗಿ ಬಾನಿಗೆ ಹಾಕಿ, ಅವಳಿಗೆ ಹಿಂಡಿ ಹಿಂಡಿ ಕೊಟ್ಟೆ. ತಪ್ಪು ನನ್ನದೆಂದು ಒಪ್ಪಿಕೊಳ್ಳುವ ಬದಲು ಮೈಮುರಿದು ದುಡಿಯುವುದು ಲೇಸು.

ಉಳಿದ ಅರ್ಧ ಪುಸ್ತಕವನ್ನು ಓದಿದೆ. ಸೊಲ್ಲಾಪುರದ ದಲಾಲರೊಂದಿಗೆ ವ್ಯವಹಾರವಿರುವವನಿಗೆ ಮರಾಠಿ ದೊಡ್ಡದಲ್ಲ. ಆದರೆ ಅದು ಸೋಮಾರಿ ಕುದುರೆಯೊಂದು ಪೆಟ್ಟು ತಿಂದು ಜಾಣತನ ಕಲಿತ ಕಥೆ! ಚಿತ್ರಗಳೆಲ್ಲ ನನ್ನವು, ಮಾತು ಒಂದೂ ನನ್ನದಲ್ಲ.

ಅಕ್ಕನ ಕಥೆಯನ್ನೆಲ್ಲ ಹೆಂಡತಿಗೆ ಬಿಚ್ಚಿ ಹೇಳಿ, "ಅಚ್ಚು ಹಾಕಾವ್ರು ಕತಿ ಬದಲಿ ಮಾಡ್ಯಾರ" ಎಂದೆ.

"ಅಲ್ರೀ," ಎಂದಳು ರೇಣುಕವ್ವ, "ಸೊಲ್ಲಾಪುರದಾಗ ಕೊಂಡ ಪುಸ್ತಕದಾಗ ನಮ್ಮ ಮಮದಾಪುರದ ಕೆರಿ ಹೆಂಗ ಬಂದೀತು?"

ಇಂಥ ಸಣ್ಣ ಪ್ರಶ್ನೆ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ನಾನು ಕೆಮ್ಮಿದೆ.

ಮರುದಿನ ಇಬ್ಬರೂ ಬಬಲೇಶ್ವರದ ಬಸ್ಸು ಹತ್ತಿದೆವು. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ. ಅದು ಸಾರವಾಡದ ಹತ್ತಿರ ಉಸಿರು ಬಿಟ್ಟು ನಿಂತಿತು. ನಾವೆಲ್ಲ ಇಳಿದು ನೂಕಿದೆವು.

"ಈ ಕುದುರಿ ಕತಿನೂ ಬರಸಿ ಟ್ರಂಕಿನಾಗ ಇಡ್ರಿ" ಎಂದಳು ಕಿಟಕಿಯಿಂದ ನನ್ನ ಹೆಂಡತಿ. (ಅವಳು ಇಳಿದಿರಲಿಲ್ಲ.)

ಅಕ್ಕ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಾನು ಮಾತಾಡದೆ ಪುಸ್ತಕ ತೆರೆದು ಮುಂದೆ ಹಿಡಿದೆ. ಅವಳು ಕೈ ಒರೆಸಿಕೊಂಡಳು. ಎದ್ದು ಒಳಗೆ ಹೋದಳು. ಕುಂಕುಮದ ಭರಣಿ ತಂದು, ಉಂಗುರ ಬೆರಳಿನಿಂದ ಕುದುರೆಯ ಹಣೆಗೆ ಬೊಟ್ಟಿಟ್ಟಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿದ್ದುದು ನನಗೆ ಕಂಡದ್ದೇ ಆಗ.

"ಗೌರಕ್ಕಾ, ಇದರಾಗ ನೀ ಓದಿದ ಕತಿನ ಇಲ್ಲ."

"ನಂಗೆಲ್ಲಿ ಓದಾಕ ಬರ್ತೈತೋ ಅಮರೂ? ನಮ್ಮನ್ಯಾಗ ಹೆಣ್ಮಕ್ಕಳ್ನ ಸಾಲಿಗಿ ಯಾವಾಗ ಕಳಿಸಿದ್ರು?"

"ಮತ್ತ ಬೆರಳಿಟ್ಟು ಓದ್ತಿದ್ದ್ಯಲ್ಲ!"

"ಬೆರಳಿಡಾಕ ಸಾಲಿಗಿ ಹೋಗಬೇಕೇನು? ನೀ ಅವ್ವನ್ನ ನೆನಸಿ ಅಳತಿದ್ದಿ. ಬಾಯಿಗಿ ಬಂದಿದ್ದು ಹೇಳ್ತಿದ್ದೆ."

"ಹಂಗಾರ ಪುಸ್ತಕ ತಾ ಅಂತ ಯಾಕಂದಿ?"

"ಸಿಗೂದಿಲ್ಲ ಅಂತ ಅಂದೆ. ನೀ 'ನಮ್ಮ ಅಕ್ಕ ಓದ್ತಾಳ' ಅಂತ ಊರ ತುಂಬ ಹೇಳಿಕೋತ ತಿರಗತಿದ್ದಿ. ಆ ಮಾತು ಹಂಗ ಉಳೀಲಿ ಅನಿಸ್ತು."

ಕಣ್ಣಳತೆಯಲ್ಲಿ ಜೋಳದ ತೂಕ ಹೇಳುವ ಈ ಅಮರಪ್ಪ ಸಾವಕಾರ, ಇಲ್ಲದ ಪುಸ್ತಕಕ್ಕಾಗಿ ರದ್ದಿ ಅಂಗಡಿಗಳನ್ನು ಸುತ್ತಿದ್ದ. ರೇಣುಕವ್ವ ಸೆರಗು ಬಾಯಿಗಿಟ್ಟುಕೊಂಡಳು.

"ಆಗಲಿ, ಈಗ ಹೇಳು" ಎಂದೆ.

"ಮೊದಲ ಉಣ್ಣು. ಹಸಿದವಗ ಕತಿ ಹೇಳಬಾರದು."

ಶೇಂಗಾ ಹೋಳಿಗೆ, ಮೇಲೆ ತುಪ್ಪ. ಸಾಕೆಂದರೆ ಇನ್ನೊಂದು. ಊಟವಾದ ಮೇಲೆ ಅಕ್ಕ ಕಂಬಕ್ಕೊರಗಿ ಪುಸ್ತಕ ತೆರೆದು ಬೆರಳಿಟ್ಟಳು. ನಾನು ಪಕ್ಕದಲ್ಲಿ ಅಡ್ಡಾದೆ. ಧ್ವನಿ ಸ್ವಲ್ಪ ಒಡೆದಿತ್ತು, ಆದರೆ ಅದೇ ಧ್ವನಿ. ಕುದುರೆ ಹಗ್ಗ ಹರಿಯಿತು. ಜೈನಾಪುರದಲ್ಲಿ ಕಡಲೆ ಮೇಯಿತು. ಮಮದಾಪುರದ ಕೆರೆಗೆ ಬಾಯಿ ಹಚ್ಚಿತು. ನೀರಿನ ತಂಪು ನನ್ನ ಕಣ್ಣ ರೆಪ್ಪೆಗೂ ತಾಗಿತು. "ಯಪ್ಪಾ, ನಮ್ಮನಿ ದಾರಿ ಯಾವುದು?" ಬಾಗಿಲು. ಗೊರಸು...

ಕಣ್ಣು ತೆರೆದಾಗ ಬಿಸಿಲು ಗೋಡೆಯನ್ನೇರಿತ್ತು. ತಲೆಯ ಕೆಳಗೆ ಯಾರೋ ಮಡಿಸಿಟ್ಟ ಕೌದಿ. ಎದುರಿಗೆ ಅಕ್ಕನೂ ರೇಣುಕವ್ವನೂ ಕಣ್ಣೊರೆಸಿಕೊಳ್ಳುತ್ತಿದ್ದರು, ಜೊತೆಗೆ ನಗುತ್ತಲೂ ಇದ್ದರು.

"ಬಾಗಲಾ ತೆರೀತೇನು?"

"ಆಗಲೇ ತೆರದು ಮುಚ್ಚಿತು" ಎಂದಳು ಅಕ್ಕ. "ಅಂದೂ ಹಿಂಗ ಬಾಯಿ ತೆಕ್ಕೊಂಡು ಮಲಗತಿದ್ದಿ. ಏಳು, ನಿಮ್ಮ ಬಸ್ಸು ಒದರಾಕತ್ತೈತಿ."

ದಾರಿಯುದ್ದಕ್ಕೂ ಕಥೆಯ ಕೊನೆಗಾಗಿ ಹೆಂಡತಿಯೊಂದಿಗೆ ಚೌಕಾಸಿಗಿಳಿದೆ. ಇಳಕಲ್ ಸೀರೆ ಎಂದೆ. ಟ್ರಂಕು ಖಾಲಿ ಮಾಡುತ್ತೇನೆಂದೆ. ಅವಳು ಹೊರಗಿನ ಹೊಲ ನೋಡುತ್ತಿದ್ದಳು.

"ಸಂತೋಷದ್ದೇನು?"

"ಹೂಂ."

"ದುಃಖದ್ದೇನು?"

"ಹೂಂ."

"ಎರಡರಾಗ ಒಂದ ಆಗಬೇಕಲ್ಲ?"

"ಯಾಕ ಆಗಬೇಕು?" ಎಂದವಳು ನನ್ನತ್ತ ತಿರುಗಿ, "ಆ ಬುಟ್ಟಿ ಮುರದ ದಿನ ಹೇಳ್ತೇನಿ, ಆತಿಲ್ರಿ?" ಎಂದಳು.

ಬುಟ್ಟಿ ಈಗ ಒಣಗಿದೆ. ಕಾಗದ ಚೆನ್ನಾಗಿ ಹಿಂಡಿದ್ದರೆ ಮೆಂತ್ಯದ ಬುಟ್ಟಿ ಮೊಮ್ಮಕ್ಕಳ ಕಾಲಕ್ಕೂ ಮುರಿಯುವುದಿಲ್ಲವಂತೆ. ಇದನ್ನು ಹಿಂಡಿದವನು ನಾನೇ. ಎಷ್ಟು ಚೆನ್ನಾಗಿ ಹಿಂಡಿದ್ದೇನೆಂಬುದು ನನಗೆ ಗೊತ್ತು. ಊಟಕ್ಕೆ ಕೂತಾಗ ಅದರ ಮೈಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ಮುಚ್ಚಿದ ಬಾಗಿಲಿನ ಸದ್ದು ಬರುತ್ತದೆ.

"ತಟ್ಟಬ್ಯಾಡ್ರಿ" ಎನ್ನುತ್ತಾಳೆ ಒಳಗಿನಿಂದ ರೇಣುಕವ್ವ. "ರೊಟ್ಟಿ ಬೇಕಂದ್ರ ಬಾಯಿಲೆ ಕೇಳ್ರಿ."